ತೊಂಬತ್ತೊಂಬತ್ತಕ್ಕೆ ನಿಂತ ಮುಳ್ಳು

ನಮ್ಮ ಪಕ್ಕದ ಮನೆಯಾಕೆ ತಮ್ಮ ಸೊಸೆಯನ್ನು ಗೋಳು ಹೊಯ್ದುಕೊಳ್ಳುತ್ತಾರೆ ಎಂದು ನಾನು ಒಂದು ಬೇಸಿಗೆಯಿಡೀ ನಂಬಿಕೊಂಡಿದ್ದೆ. ತಪ್ಪು ನನ್ನದಲ್ಲ, ಗೋಡೆಯದು. ಎರಡು ಮನೆಗಳ ನಡುವೆ ಅದನ್ನು ಕಟ್ಟಿದಾತ ಇಟ್ಟಿಗೆಯಲ್ಲಿ ಎಷ್ಟು ಉಳಿತಾಯ ಮಾಡಿದ್ದನೆಂದರೆ, ಅವರು ಸ್ವಿಚ್ಚು ಒತ್ತಿದಾಗ ನಾವು ನಮ್ಮ ದೀಪದ ಕಡೆ ನೋಡುತ್ತಿದ್ದೆವು. ನನ್ನ ಬರೆಯುವ ಮೇಜು ಆ ಗೋಡೆಗೇ ಒರಗಿತ್ತು. ಬೆಳಗ್ಗೆ ನಾನು ಲೋಟ ಕೆಳಗಿಟ್ಟು ಪೆನ್ನಿನ ಮುಚ್ಚಳ ತೆಗೆಯುವ ಹೊತ್ತಿಗೆ ಆಚೆಯಿಂದ ಶುರುವಾಗುತ್ತಿತ್ತು.

“ಹೋದ ವಾರ ಹೇಳಿದ್ದನ್ನೇ ಈ ವಾರವೂ ಹೇಳ್ತೀನಿ. ಆಗಲ್ಲ ಅಂದ್ರೆ ಆಗಲ್ಲ.”

ಸ್ವಲ್ಪ ಮೌನ.

“ಇನ್ನೂ ಸಣ್ಣದಾಗಬೇಕಂತೆ. ಹಿಂಡಿದ ನಿಂಬೆಹಣ್ಣನ್ನ ಇನ್ನೆಷ್ಟು ಸಲ ಹಿಂಡೋದು?”

ಮತ್ತೆ ಮೌನ. ನನ್ನ ಕರುಳಿಗೆ ತಾಗಿದ್ದು ಆ ಮೌನವೇ. ಎಂಥ ಸಾಧು ಹೆಣ್ಣುಮಗಳಿರಬೇಕು, ಒಂದು ಎದುರು ಮಾತಿಲ್ಲ. ಸಂಸಾರದಲ್ಲಿ ಸಾಮರಸ್ಯ ಎಂಬ ವಿಷಯದ ಮೇಲೆ ಪತ್ರಿಕೆಗಳಲ್ಲಿ ಬರೆದು ಹೆಸರು ಮಾಡಿದ ನಾನು (ನಮ್ಮ ಓಣಿಯ ಮಟ್ಟಿಗೆ) ಕೈಕಟ್ಟಿ ಕೂರುವುದು ಹೇಗೆ?

“ಊರ ಉಸಾಬರಿ ನಿಮಗ್ಯಾಕೆ,” ಎಂದಳು ಹೆಂಡತಿ. “ಮೊದಲು ನಮ್ಮನೆ ನಲ್ಲಿ ಸೋರೋದು ನೋಡಿ.”

ನಲ್ಲಿ ಸೋರುತ್ತಲೇ ಇರಲಿ ಎಂದು ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡು ಗಾದೆಗಳನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು, ಪಕ್ಕದ ಬಾಗಿಲು ತಟ್ಟಿದೆ. ತೆರೆದವರು ಐವತ್ತು ದಾಟಿದ, ಬಿಗಿಯಾಗಿ ತುರುಬು ಕಟ್ಟಿದ ಹೆಂಗಸು. ಕನ್ನಡಕ ಹಣೆಯ ಮೇಲಿತ್ತು. ಹಿಂದೆ ಕಂಡ ಕೋಣೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರು, ಒಂದು ಕುರ್ಚಿ. ಕಿಟಕಿಯ ಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿದ ಒಂದು ತಟ್ಟೆ, ಒಂದು ಲೋಟ.

“ಯಾರು ಬೇಕಿತ್ತು?”

“ನಿಮ್ಮ ಸೊಸೆ...” ಎಂದುಬಿಟ್ಟೆ.

“ನಂಗೆ ಮದುವೆನೇ ಆಗಿಲ್ಲ. ಸೊಸೆನ ಎಲ್ಲಿಂದ ತರಲಿ?”

ಎರಡೂ ಗಾದೆಗಳನ್ನು ನುಂಗಿಕೊಂಡೆ.

ಆಕೆ ಬೈಯುತ್ತಿದ್ದದ್ದು ಕಂಪ್ಯೂಟರಿಗೆ ಬಂದ ಪತ್ರಗಳಿಗೆ. ಹಿಂದೆ ಒಂದು ಅಚ್ಚಿನ ಮನೆಯಲ್ಲಿ ಕೆಲಸಕ್ಕಿದ್ದಾಗ, ಪುಟಗಳ ಭಾರಿ ಫೈಲುಗಳನ್ನು ನಿಧಾನದ ಇಂಟರ್ನೆಟ್ ತಂತಿಯಲ್ಲಿ ಕಳಿಸಲಾಗದೆ ಬೇಸತ್ತು, ಅವನ್ನು ಒತ್ತಿ ಮಡಿಸಿ ಚಿಕ್ಕದಾಗಿ ಕಟ್ಟುವ ಒಂದು ಸಾಫ್ಟ್‌ವೇರನ್ನು ತಾವೇ ಬರೆದಿದ್ದರು. ಅದಕ್ಕೆ ‘ಗಂಟು’ ಎಂದು ಹೆಸರಿಟ್ಟರು. ಅಚ್ಚಿನ ಮನೆ ಮುಚ್ಚಿತು, ಗಂಟು ಉಳಿಯಿತು. ಯಾವ ಯಾವುದೋ ಊರಿನ ಕಚೇರಿಗಳು, ಶಾಲೆಗಳು, ಅಂಗಡಿಗಳು ಅದನ್ನು ಬಳಸುತ್ತಿದ್ದವು. ಬಳಸುವವರು ಸುಮ್ಮನಿರುತ್ತಾರೆಯೇ? ಗಂಟಿನಲ್ಲಿ ಅದು ಸೇರಿಸಿ, ಇದು ಸೇರಿಸಿ ಎಂದು ದಿನಬೆಳಗಾದರೆ ಬರೆಯುತ್ತಿದ್ದರು. ಅವರಿಗೆಲ್ಲ ಉತ್ತರ ಕೊಡುವ ಕಂಪನಿ, ಅದರ ಮಾಲೀಕರು, ಅದರ ಜವಾನ, ಎಲ್ಲವೂ ಈಕೆಯೇ. ನಾನೂ ನನ್ನ ಹೆಂಡತಿಯೂ ಆಕೆಗೆ ಗಂಟಕ್ಕ ಎಂದು ಹೆಸರಿಟ್ಟೆವು. ಗೊತ್ತಾದ ಮೇಲೂ ಆಕೆ ಬೇಡವೆನ್ನಲಿಲ್ಲ.

“ಗಟ್ಟಿಯಾಗಿ ಬೈಯೋದ್ಯಾಕೆ?” ಎಂದು ಒಮ್ಮೆ ಕೇಳಿದ್ದೆ.

“ಬಾಯಲ್ಲಿ ಬೈದು ಮುಗಿಸಿದ್ರೆ ಕೈ ಮರ್ಯಾದೆಯಾಗಿ ಬರೆಯುತ್ತೆ, ಲೇಖಕರೇ.”

ಅದು ಆಕೆಯ ಕೆಲಸದ ಕ್ರಮ. ಕೋರಿಕೆಯನ್ನು ಗಟ್ಟಿಯಾಗಿ ಓದುವುದು, ಕಿಟಕಿಯ ಕಡೆ ತಿರುಗಿ ಮನಸಾರೆ ಬೈಯುವುದು, ಆಮೇಲೆ ತಿರುಗಿ ಕೂತು “ನಿಮ್ಮ ಸಲಹೆಗೆ ಧನ್ಯವಾದಗಳು” ಎಂದು ಟೈಪ್ ಮಾಡುವುದು. ಪಾಸ್‌ವರ್ಡು ಮರೆತರೆ ಗಂಟು ತಾನಾಗಿ ಬಿಚ್ಚಿಕೊಳ್ಳಲಿ, ಆದರೆ ಕಳ್ಳರಿಗೆ ಬಿಚ್ಚಿಕೊಳ್ಳದಿರಲಿ ಎಂದು ಒಬ್ಬರು ವಕೀಲರು ಕೇಳಿದ್ದರು. ಗಂಟನ್ನೇ ಮತ್ತೆ ಗಂಟು ಕಟ್ಟುತ್ತ ಹೋಗಿ ಕೊನೆಗೆ ಜಾಗವೇ ಹಿಡಿಯದಂತೆ ಮಾಡಬಹುದಲ್ಲವೇ ಎಂದು ಒಬ್ಬರು ಹೆಡ್‌ಮಾಸ್ತರರು. “ಅಳಿಸೋ ಬಟನ್ ಇದೆಯಲ್ಲ, ಒತ್ತಿ ಸ್ವಾಮಿ,” ಎಂಬ ಉತ್ತರ ನನ್ನ ಗೋಡೆಗೆ ಬಂತು. ಹೆಡ್‌ಮಾಸ್ತರರಿಗೆ ಧನ್ಯವಾದ ಹೋಯಿತು.

ಇವರೆಲ್ಲ ಬಂದು ಹೋಗುವವರು. ವಾರ ತಪ್ಪದೆ ಬರೆಯುತ್ತಿದ್ದವರು ಒಬ್ಬರೇ. ಗಡಿಯಾರ ರಿಪೇರಿಯವರು. ರಿಪೇರಿ ಮಾಡಿದ ಪ್ರತಿ ಗಡಿಯಾರದ ಫೋಟೋ ತೆಗೆದು ಗಂಟು ಕಟ್ಟಿಡುವುದು ಅವರ ಅಭ್ಯಾಸ. ಫೋಟೋ ಮೊದಲೇ ಒತ್ತಿಟ್ಟ ಸರಕು, ಅದು ಇನ್ನು ಕುಗ್ಗುವುದಿಲ್ಲ. ನಿಂಬೆಹಣ್ಣಿನ ಮಾತು ಅವರಿಗೇ ಹೇಳಿದ್ದು. ಅವರ ಇನ್ನೊಂದು ತಕರಾರು ಮುಳ್ಳಿನದು. ಗಂಟು ಕಟ್ಟುವಾಗ, ಕೆಲಸ ಎಷ್ಟಾಯಿತೆಂದು ತೋರಿಸಲು, ಪರದೆಯ ಮೇಲೆ ಒಂದು ಮುಳ್ಳು ನೂರರ ಕಡೆಗೆ ಸರಿಯುತ್ತದೆ. ಓಡೋಡಿ ತೊಂಬತ್ತೊಂಬತ್ತಕ್ಕೆ ಬಂದು, ಅಲ್ಲಿ ಬೀಗರ ಮನೆಯ ಜಗುಲಿಯಲ್ಲಿ ಕೂತಂತೆ ಕೂತುಬಿಡುತ್ತದೆ. “ನಾನು ಗಡಿಯಾರದವನು. ಸುಳ್ಳು ಹೇಳುವ ಮುಳ್ಳನ್ನು ನೋಡಲಾರೆ. ದಯವಿಟ್ಟು ಸರಿಪಡಿಸಿ,” ಎಂದು ಬರೆಯುತ್ತಿದ್ದರು. ಕೊನೆಯಲ್ಲಿ ಯಾರೂ ಕೇಳದ ಒಂದು ಸಾಲು ಇರುತ್ತಿತ್ತು. ಒಂದು ವಾರ, “ಎದುರಿನ ಕನ್ನಡಕದ ಅಂಗಡಿ ಮುಚ್ಚಿದರು.” ಇನ್ನೊಂದು ವಾರ, “ಇವತ್ತು ಅಂಗಡಿಗೆ ಯಾರೂ ಬರಲಿಲ್ಲ.” ಗಂಟಕ್ಕ ಮುಳ್ಳಿಗೆ ಉತ್ತರ ಕೊಡುತ್ತಿದ್ದರು, ಆ ಸಾಲಿಗೆ ಕೊಡುತ್ತಿರಲಿಲ್ಲ. ಆದರೆ ಅದನ್ನು ಎರಡು ಸಲ ಓದುತ್ತಿದ್ದರು. ಗೋಡೆ ನನಗೆ ಹೇಳಿದೆ.

ಒಂದು ದಿನ ಗಂಟಕ್ಕ ಫ್ಯಾನು ಒರೆಸಲು ಸ್ಟೂಲು ಹತ್ತಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರು ಹಾಕಿದರು. ಊರಾಚೆ ಇರುವ ತಂಗಿ ಫೋನಿನಲ್ಲೇ ಉಪಾಯ ಹೇಳಿಕೊಟ್ಟಳು. “ಅಕ್ಕ, ಮೈಕಿನ ಗುರುತು ಒತ್ತಿ ಮಾತಾಡು. ಅದೇ ಬರ್ಕೊಳ್ಳುತ್ತೆ.”

ಬರೆದುಕೊಂಡಿತು. ಅದಕ್ಕೇನು ಗೊತ್ತು, ಗಂಟಕ್ಕನ ಮಾತಿನಲ್ಲಿ ಯಾವುದು ಕಿಟಕಿಗೆ, ಯಾವುದು ಗಿರಾಕಿಗೆ ಎಂದು. ಉತ್ತರ ಬರೆಯುವ ಚೌಕದಲ್ಲಿ ಕೊನೆಯ ಎರಡು ಸಾಲು ಮಾತ್ರ ಕಾಣುತ್ತಿತ್ತು. ಆ ಎರಡು ಸಾಲು ಬಲು ಮರ್ಯಾದೆಯವು. ಎಡಗೈಯಲ್ಲಿ ಒತ್ತಿ ಕಳಿಸಿಬಿಟ್ಟರು.

ಅದಾದ ಮೇಲೆ ಗೋಡೆ ಸುಮ್ಮನಾಯಿತು. ನನ್ನ ಬರವಣಿಗೆ ಓಡಬೇಕಿತ್ತು, ಅದೂ ನಿಂತಿತು. ಹೆಂಡತಿ ಒಂದು ಡಬ್ಬಿಯಲ್ಲಿ ಹಣ್ಣು ಹೆಚ್ಚಿ ಕೊಟ್ಟು, “ಹೋಗಿ ನೋಡ್ಕೊಂಡು ಬನ್ನಿ. ಗಾದೆ ಹೇಳ್ಬೇಡಿ,” ಎಂದಳು.

ಗಂಟಕ್ಕ ಕಂಪ್ಯೂಟರಿನ ಮುಂದೆ ಕೂತಿದ್ದರು. ಬೇರೆಯವರಿಗೆ ಒಂದು ಬೆರಳಿನಲ್ಲಿ, ತುಟಿ ಬಿಚ್ಚದೆ, ಉತ್ತರ ಕುಟ್ಟುತ್ತಿದ್ದರು. ಡಬ್ಬಿ ತೆಗೆದುಕೊಂಡು, ಪರದೆಯನ್ನು ನನ್ನ ಕಡೆ ತಿರುಗಿಸಿದರು. ಗಡಿಯಾರದವರಿಗೆ ಹೋದ ಉತ್ತರ.

“ಬಂತು ನೋಡು ಮುಳ್ಳಿನ ಪುರಾಣ. ಪಾಪ ಮನೇಲಿ ಮಾತಾಡ್ಸೋರು ಯಾರೂ ಇಲ್ಲ ಅಂತ ಕಾಣುತ್ತೆ. ಅದಕ್ಕೇ ವಾರವಾರ ಬಂದು ನನ್ನ ತಲೆ ತಿಂತಾರೆ. ಮಾನ್ಯರೇ ನಿಮ್ಮ ಸಲಹೆಗೆ ಧನ್ಯವಾದಗಳು ಮುಂದೆಯೂ ಹೀಗೆಯೇ ಬರೆಯುತ್ತಿರಿ.”

“ಆಮೇಲೆ ಬರೆದರಾ?”

“ಇಲ್ಲ. ಎಷ್ಟು ವಾರ ಆಯ್ತು. ಬರೆಯಲ್ಲ ಇನ್ನು.”

ಪ್ಲಾಸ್ಟರಿನ ಅಂಚನ್ನು ಉಗುರಿನಲ್ಲಿ ಕೆರೆಯುತ್ತಿದ್ದರು. ಇಂಥ ಹೊತ್ತಿಗೆಂದೇ ದೇವರು ಲೇಖಕರನ್ನು ಸೃಷ್ಟಿಸಿದ್ದಾನೆ ಎಂದು ನನಗೆ ಅನ್ನಿಸಿತು. ಕ್ಷಮಾಪಣೆಯ ಪತ್ರವೊಂದನ್ನು ಮೂರು ಪುಟ ಬರೆದು ತಂದುಕೊಟ್ಟೆ. ಕಾಲಚಕ್ರ, ಬಿರುಕು ಬಿಟ್ಟ ಕನ್ನಡಿ, ಎಲ್ಲವೂ ಅದರಲ್ಲಿತ್ತು. ಗಂಟಕ್ಕ ಕನ್ನಡಕ ಇಳಿಸಿಕೊಂಡು ಪೂರ್ತಿ ಓದಿದರು.

“ಇದು ಚೆನ್ನಾಗಿ ಗಂಟು ಕಟ್ಟುತ್ತೆ. ಹೇಳಿದ್ದನ್ನೇ ಹೇಳಿದ್ದೀರಲ್ಲ, ಒಂದು ಸಾಲಿಗೆ ಬರುತ್ತೆ.”

“ಹಾಗಾದ್ರೆ ಆ ಒಂದು ಸಾಲೇ ಕಳಿಸಿ.”

“ತಪ್ಪಾಯ್ತು ಅಂತ ಬರೆದ್ರೆ ಪರವಾಗಿಲ್ಲ ಅಂತ ಬರೀತಾರೆ. ಅಲ್ಲಿಗೆ ಮುಗೀತು.”

ಕಳಿಸಲಿಲ್ಲ. ಬದಲಿಗೆ, ವರ್ಷಗಳಿಂದ ಆಗಲ್ಲ ಎಂದು ಹೇಳಿಕೊಂಡು ಬಂದ ಮುಳ್ಳಿಗೆ ಕೈ ಹಾಕಿದರು. ಕೊನೆಯ ತುಣುಕು ಕಟ್ಟಲು ಎಷ್ಟು ಹೊತ್ತು ಬೇಕೆಂದು ಸಾಫ್ಟ್‌ವೇರಿಗೆ ಮೊದಲೇ ತಿಳಿಯುವುದಿಲ್ಲ. ತೊಂಬತ್ತೊಂಬತ್ತು ಎನ್ನುವುದು ಮಾನ ಉಳಿಸಿಕೊಳ್ಳುವ ಸುಳ್ಳು. ಒಂದು ಬೆರಳಿನಲ್ಲಿ ಕುಟ್ಟಿ ಕುಟ್ಟಿ ಅದನ್ನು ತೆಗೆದುಹಾಕಿದರು. ಹೊಸ ಗಂಟಿನಲ್ಲಿ ಮುಳ್ಳು ತನಗೆ ಗೊತ್ತಿರುವಷ್ಟು ದೂರ ಸರಿದು, ಆಮೇಲೆ ಮಾಯವಾಗಿ, ಆ ಜಾಗದಲ್ಲಿ “ಇನ್ನೆಷ್ಟು ಹೊತ್ತೋ ಗೊತ್ತಿಲ್ಲ” ಎಂಬ ಅಕ್ಷರ ಮೂಡುತ್ತಿತ್ತು. ಹೊಸತೇನು ಎಂದು ತಿಳಿಸುವ ಪುಟದಲ್ಲಿ, ಮುಳ್ಳು ಸರಿಪಡಿಸಿದೆ, ಗಡಿಯಾರ ರಿಪೇರಿಯವರು ಕೇಳಿದ್ದು, ಎಂದು ಹಾಕಿದರು.

ಜನ ತಿರುಗಿಬಿದ್ದರು. ಗೊತ್ತಿಲ್ಲ ಎನ್ನುವ ಸಾಫ್ಟ್‌ವೇರನ್ನು ಯಾರು ನಂಬುತ್ತಾರೆ ಎಂದರು ವಕೀಲರು. ತೊಂಬತ್ತೊಂಬತ್ತು ಎಂದರೆ ಮನಸ್ಸಿಗೆ ಒಂದು ಧೈರ್ಯವಿತ್ತು, ಅದನ್ನೇ ವಾಪಸು ಕೊಡಿ ಎಂದರು ಹೆಡ್‌ಮಾಸ್ತರರು. ಇಷ್ಟು ಸಿಕ್ಕರೆ ಹಿಂದೆಲ್ಲ ನನ್ನ ಗೋಡೆಗೆ ಹಬ್ಬವಾಗುತ್ತಿತ್ತು. ಈಗ ಕುರ್ಚಿ ಕಿರುಗುಟ್ಟುವುದು ಮಾತ್ರ ಕೇಳಿಸುತ್ತಿತ್ತು. ಪ್ಲಾಸ್ಟರು ಬಿಚ್ಚಿದರು. ಹತ್ತು ಬೆರಳಿನ ಸದ್ದು ಬಂತು, ಬಾಯಿ ಬರಲಿಲ್ಲ.

ಆಮೇಲೆ ಒಂದು ಬೆಳಗ್ಗೆ ನಾನು ಮುಚ್ಚಳ ತೆಗೆದ ಪೆನ್ನನ್ನು ಸುಮ್ಮನೆ ಹಿಡಿದು ಕೂತಿದ್ದಾಗ, ಆಚೆ ಕಡೆ ಏನನ್ನೋ ಮೆಲ್ಲಗೆ ಓದಿದ ಹಾಗಾಯಿತು. ಒಮ್ಮೆ. ಇನ್ನೊಮ್ಮೆ. ಬಳಿಕ ಗಂಟಲು ಸರಿಮಾಡಿಕೊಂಡ ಸದ್ದು.

“ಅಕ್ಷರ ಚಿಕ್ಕದಾಯ್ತಂತೆ. ಇಷ್ಟು ಮಾಡಿಕೊಟ್ಟದ್ದು ಸಾಲದು, ಇವರ ಕಣ್ಣಿಗೆ ತಕ್ಕ ಹಾಗೆ ಅಕ್ಷರ ಬೇರೆ ಬರೆದುಕೊಡ್ಬೇಕು. ನಾನೇನು ಬೋರ್ಡು ಬರೆಯೋಳಾ?”

ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡಿದಳು. ನಾನು ಚಪ್ಪಲಿಯನ್ನೂ ಮೆಟ್ಟದೆ ಪಕ್ಕದ ಮನೆಗೆ ಹೋದೆ.

ಪರದೆಯ ಮೇಲೆ ಗಡಿಯಾರದವರ ಕೋರಿಕೆ. ಬೈಗುಳದ ಸುದ್ದಿಯೇ ಇಲ್ಲ, ಮುಳ್ಳಿಗೆ ಧನ್ಯವಾದವೂ ಇಲ್ಲ. “ಗೊತ್ತಿಲ್ಲ ಎಂಬ ಅಕ್ಷರ ಸಣ್ಣದಾಯಿತು. ದಯವಿಟ್ಟು ದೊಡ್ಡದು ಮಾಡಿ.” ಕೊನೆಯಲ್ಲಿ ಅದೇ ಯಾರೂ ಕೇಳದ ಸಾಲು: “ಅಂಗಡಿ ಬಾಗಿಲು ಹಾಕಿದೆ. ಗಡಿಯಾರಗಳನ್ನು ಮನೆಗೆ ತಂದಿದ್ದೇನೆ. ತುಂಬ ಸದ್ದು.”

ಗಂಟಕ್ಕನ ಕೈ ಕೀಲಿಗಳ ಮೇಲಿತ್ತು. ಧನ್ಯವಾದ ಬರೆದಾಗಿತ್ತು. ಅದರ ಕೆಳಗೆ ಇನ್ನೊಂದು ಸಾಲು ಶುರುಮಾಡಿ, “ನಮ್ಮ ಮನೆಯಲ್ಲಿ” ಎಂಬಲ್ಲಿಗೆ ನಿಂತಿದ್ದರು.

ನಾನು ಸುಮ್ಮನಿರಬಹುದಿತ್ತು. ಸುಮ್ಮನಿರುವುದು ಗೊತ್ತಿದ್ದರೆ ಈ ಕಸುಬಿಗೆ ಯಾಕೆ ಬರುತ್ತಿದ್ದೆ?

“ಇಷ್ಟೆಲ್ಲ ಯಾಕೆ ಗಂಟಕ್ಕ, ಬಸ್ಸು ಹತ್ತಿ ಒಂದು ಸಲ ಹೋಗಿ ಅವರನ್ನ ನೋಡ್ಕೊಂಡು ಬರಬಾರದಾ?”

ಆಕೆ ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಹೋಗಿ? ತಕರಾರು ಇಲ್ಲದೆ ಇಬ್ಬರೂ ಎದುರುಬದುರು ಬಾಯಿ ಮುಚ್ಕೊಂಡು ಕೂರೋದಾ? ಅದಕ್ಕೆ ಬಸ್ಸು ಬೇರೆ ಯಾಕೆ, ಒಬ್ಬಳೇ ಇಲ್ಲೇ ಕೂತಿರ್ತೀನಲ್ಲ.”