ನಾಗೇಶ ಸಿಹಿ ಹಂಚಿದ ಪದ

ಸಂಜಯನಗರದ ಬಸ್ ಸ್ಟಾಪಿನ ಹಿಂದೆ ನಾಗೇಶನ ಕ್ಷೌರದಂಗಡಿ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ಇಂಗ್ಲಿಷಿನ ವಿಚಿತ್ರ ಪದಗಳೆಂದರೆ ಅವನಿಗೆ ಜೀವ. ಗಿರಾಕಿಯ ಕೆನ್ನೆಗೆ ನೊರೆ ಹಚ್ಚಿ, ರೇಜರ್ ಎತ್ತಿಕೊಂಡು, ಪೇಪರಿನಲ್ಲಿ ಕಂಡ ಯಾವುದೋ ಪದದ ಅರ್ಥ ಕೇಳುವುದು ಅಲ್ಲಿನ ಪದ್ಧತಿ. ಗಂಟಲ ಮೇಲೆ ರೇಜರ್ ಇಟ್ಟುಕೊಂಡು ಕೇಳಿದರೆ ಗೊತ್ತಿಲ್ಲ ಅನ್ನುವುದಕ್ಕೂ ಭಯ ಎಂದು ಗಿರಾಕಿಗಳು ನಗುತ್ತಿದ್ದರು. ಗೊತ್ತಿಲ್ಲ ಎಂದರೆ ನಾಗೇಶ ಸುಮ್ಮನಿರುತ್ತಿದ್ದ. ತಪ್ಪು ಅರ್ಥ ಹೇಳಿದರೆ ಮಾತ್ರ ಉರಿದುಬೀಳುತ್ತಿದ್ದ.

ಅವನಿಗೆ ಹೆಚ್ಚು ಪದ ಕಲಿಸಿದವರು ಕಾಲೇಜಿನಿಂದ ನಿವೃತ್ತರಾದ ನಿರಂಜನ್ ಮೇಷ್ಟ್ರು. ಕರುಣೆಯಿಲ್ಲದವನನ್ನು ರೂತ್‌ಲೆಸ್ ಅನ್ನುತ್ತಾರೆ, ಕರುಣೆಯಿರುವವನನ್ನು ರೂತ್‌ಫುಲ್ ಅನ್ನುವವರು ಈಗ ಯಾರೂ ಇಲ್ಲ ಎಂದು ಒಮ್ಮೆ ವಿವರಿಸಿದ್ದರು.

“ಅಂಥೋರು ಸಿಗ್ದೆ ಕೈಬಿಟ್ಟಿರ್ಬೇಕು ಸಾರ್,” ಎಂದಿದ್ದ ನಾಗೇಶ. ಆ ವಾರವೆಲ್ಲ ಟ್ರಾಫಿಕ್ಕಿಗೂ ಸೊಳ್ಳೆಗೂ ರೂತ್‌ಲೆಸ್ ಎಂದೇ ಬೈದಿದ್ದ.

ಹೆಂಡತಿ ರಾಧಾಮಣಿ ಹೆಬ್ಬಾಳದ ಕಡೆ ಆಸ್ಪತ್ರೆಯಲ್ಲಿದ್ದಳು. ಹೊಟ್ಟೆಯಲ್ಲಿ ಗಡ್ಡೆ. ಆಪರೇಷನ್ ಆಗಿ, ಕೂದಲು ಉದುರಿಸುವ ಔಷಧಿಯೂ ಮುಗಿದ ಮೇಲೆ ಡಾಕ್ಟರು ನಾಗೇಶನ ಮಗಳು ದಿವ್ಯಳನ್ನು ಒಳಗೆ ಕರೆದರು. ಹೊರಗೆ ಬಂದವಳು, ಅಮ್ಮನನ್ನು ಪ್ಯಾಲಿಯೇಟಿವ್ ವಾರ್ಡಿಗೆ ಹಾಕುತ್ತಾರಂತೆ ಎಂದಳು. ಹಾಗಂದರೇನು ಎಂದು ಅವನು ಕೇಳಿದ್ದಕ್ಕೆ, ಚೆನ್ನಾಗಿ ನೋಡಿಕೊಳ್ಳುವ ವಾರ್ಡಪ್ಪ ಎಂದು ಮುಖ ತೊಳೆಯಲು ಹೋದಳು.

ಹೊಸ ವಾರ್ಡಿನಲ್ಲಿ ಗದ್ದಲವಿಲ್ಲ. ಕಿಟಕಿಯ ಪಕ್ಕದ ಮಂಚ. ಬೇಕಾದಾಗ ಹೋಗಿ ಕೂರಬಹುದು. ನೋವು ಇಳಿದು ರಾಧಾಮಣಿ ಎರಡು ತುತ್ತು ಅನ್ನ ಉಂಡಳು. ಗುಣವಾಗುತ್ತಿದೆ ಎಂದು ಅವನು ನಂಬಿದ, ಅವಳೂ ನಂಬಿದಳು. ದಿನಾ ವಿಚಾರಿಸುವ ಗಿರಾಕಿಗಳಿಗೆಲ್ಲ ಸಿಹಿ ಕೊಡು ಎಂದಳು.

ಮರುದಿನ ಮೈಸೂರುಪಾಕಿನ ಡಬ್ಬಿ ಕನ್ನಡಿಯ ಮುಂದಿತ್ತು. ನಮ್ಮೋಳನ್ನ ಪ್ಯಾಲಿಯೇಟಿವ್‌ಗೆ ಹಾಕವ್ರೆ ಎಂದು ತುಂಬುಬಾಯಲ್ಲಿ ಹೇಳುತ್ತ ಎಲ್ಲರಿಗೂ ಕೊಟ್ಟ. ಕೆಲವರು ಒಳ್ಳೆಯದಾಯಿತು ಎಂದರು. ಬ್ಯಾಂಕಿನ ಗಯಾಸ್ ಸಾಹೇಬರು ತುಂಡನ್ನು ಕಷ್ಟಪಟ್ಟು ನುಂಗಿ, ಕ್ರಾಪು ಕೂಡ ನೋಡಿಕೊಳ್ಳದೆ ಹೊರಟುಹೋದರು.

ನಿರಂಜನ್ ಮೇಷ್ಟ್ರು ತಿನ್ನಲಿಲ್ಲ. ಅರ್ಧ ಮುಖದಲ್ಲಿ ನೊರೆ, ಅಂಗೈಯಲ್ಲಿ ತುಂಡು. ನಾಗೇಶ ಕನ್ನಡಿಯಲ್ಲಿ ನೋಡಿದರೆ ಅವರು ಕಣ್ಣು ತಪ್ಪಿಸಿದರು.

“ಶುಗರ್ ಇಲ್ವಲ್ಲ ಸಾರ್ ನಿಮ್ಗೆ. ತಿನ್ನಿ.”

ಮೇಷ್ಟ್ರು ತುಂಡನ್ನು ಡಬ್ಬಿಯ ಮುಚ್ಚಳದ ಮೇಲಿಟ್ಟರು.

“ಎಲ್ಲಾದಕ್ಕೂ ಅರ್ಥ ಹೇಳೋರು, ಈ ಪದಕ್ಯಾಕ್ರೀ ಬಾಯ್ ಮುಚ್ಕೊಂಡಿದೀರಾ?”

“ವಾಸಿ ಮಾಡೋಕೆ ಇನ್ನೇನೂ ಉಳಿದಿಲ್ಲ ಅಂದಾಗ, ನೋವಾದ್ರೂ ಆಗ್ದಂಗೆ ನೋಡ್ಕೋತಾರೆ ನಾಗೇಶ. ಅದೇ ಅದು.”

ತಪ್ಪು ಅರ್ಥ ಎಂದು ಕಿರುಚಬೇಕೆನಿಸಿತು. ರೇಜರನ್ನು ಬೇಸಿನ್ನಿಗೆ ಎಸೆದ. ಬೆಳಗಿನಿಂದ ಅರ್ಥ ಗೊತ್ತಿದ್ದೂ ಡಬ್ಬಿಗೆ ಕೈ ಹಾಕಿದವರ ಮುಖಗಳೆಲ್ಲ ಕಣ್ಣಮುಂದೆ ಬಂದವು. ಆಮೇಲೆ ರೇಜರ್ ಎತ್ತಿ, ತೊಳೆದು, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಉಳಿದ ಅರ್ಧ ಗಡ್ಡವನ್ನು ಮುಗಿಸಿದ.

ಮಧ್ಯಾಹ್ನ ವಾರ್ಡಿಗೆ ಹೋದಾಗ ರಾಧಾಮಣಿ ಕಣ್ಣು ಬಿಟ್ಟಳು.

“ಎಲ್ರೂ ತಿಂದ್ರಾ?”

“ತಿಂದ್ರು.”

“ಮೇಷ್ಟ್ರು?”

“ಇನ್ನೊಂದ್ ಕೊಡು ಅಂದ್ರು.”

ಅವಳು ನಕ್ಕು, ತಲೆಯ ಮೇಲೆ ಹೊಸದಾಗಿ ಬಂದಿದ್ದ ಕುರುಚಲು ಕೂದಲನ್ನು ಸವರಿಕೊಂಡಳು. ಮನೆಗೆ ಬರುವಷ್ಟರಲ್ಲಿ ಜಡೆ ಹಾಕುವಷ್ಟು ಬೆಳೆದಿರುತ್ತದಾ ಎಂದು ಕೇಳಿದಳು. ಕೂದಲು ಎಷ್ಟು ನಿಧಾನ ಬೆಳೆಯುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ.

“ಬೆಳೀತದೆ,” ಎಂದ.