ಇಟ್ಟಿಗೆಯ ಮೇಲೆ ಕೂತ ಬಸ್ಸು

ಕಾಂದಿವಲಿಯಲ್ಲಿದ್ದ ಕಾಕಾನ ಬಸ್ಸಿನ ಮನೆಯ ಗಾಲಿಗಳನ್ನು ಕಳ್ಳರು ಹೊತ್ತೊಯ್ದರು ಎಂದು ನಮ್ಮ ಬಳಗದಲ್ಲಿ ಎಲ್ಲರೂ ಹೇಳುತ್ತಾರೆ. ಮದುವೆಯ ಪಂಕ್ತಿಯಲ್ಲಿ ಮಜ್ಜಿಗೆ ಬರುವ ಹೊತ್ತಿಗೆ ಈ ಕಥೆಯೂ ಬರುತ್ತದೆ. "ಕಳ್ಳರ ರೂಪದಾಗ ದೇವರೇ ಬಂದಿದ್ದ ನೋಡ್ರಿ" ಎಂದು ಯಾರೋ ಮುಗಿಸುತ್ತಾರೆ, ಉಳಿದವರು ತಲೆದೂಗುತ್ತಾರೆ. ನಾನು ತೂಗುವುದಿಲ್ಲ. ದೇವರ ವಿಷಯ ಪಕ್ಕಕ್ಕಿಡೋಣ. ಆ ಕಳ್ಳರು ಇದ್ದರು ಎನ್ನುವುದಕ್ಕೇ ನನಗೆ ಯಾರೂ ಪುರಾವೆ ಕೊಟ್ಟಿಲ್ಲ.

ಕಾಕಾ ನನ್ನ ತಂದೆಯ ತಮ್ಮ. ಧಾರವಾಡದಿಂದ ಬಂದು ಕಾಂದಿವಲಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದ. ಪಗಡಿಯೆಂಬ ದೊಡ್ಡ ಮುಂಗಡ ಕೊಟ್ಟು ಚಾಳಿನಲ್ಲಿ ಖೋಲಿ ಹಿಡಿಯುವ ತಾಕತ್ತಿರಲಿಲ್ಲ. ಎಪ್ಪತ್ತರ ದಶಕ ಶುರುವಾದ ಹೊಸದರಲ್ಲಿ, ಯಾವುದೋ ಶಾಲೆಯವರು ಗುಜರಿಗೆ ಹಾಕಲಿದ್ದ ಬಸ್ಸನ್ನು ತಂದು ಕಾರ್ಖಾನೆ ಮಾಲಕನ ಖಾಲಿ ಜಾಗದಲ್ಲಿ ನಿಲ್ಲಿಸಿದ. ಮಾಲಕನದು ಒಂದೇ ಶರತ್ತು: ಹೇಳಿದ ದಿನ ಅದು ಅಲ್ಲಿಂದ ಹೊರಡಬೇಕು.

ಸೀಟುಗಳನ್ನು ಕಿತ್ತು, ಉಳಿಸಿಕೊಂಡ ಕೆಲವನ್ನು ಎದುರುಬದುರು ಜೋಡಿಸಿ ಮಂಚ ಮಾಡಿದರು. ಮಕ್ಕಳ ಅಳತೆಯ ಸೀಟುಗಳು. ಕಾಕಾನ ಕಾಲು ಸದಾ ಹೊರಗೆ. ಹಿಂದಿನ ಬಾಗಿಲ ಹತ್ತಿರ ಸ್ಟೋ, ಅದರ ಪಕ್ಕದಲ್ಲಿ ತಗಡು ಬಡಿದು ಭಾಂಡೆ ತೊಳೆಯುವ ಮೋರಿ, ಕಿಟಕಿಯ ಸರಳುಗಳಿಗೆ ಸೌಟು. ದೇವರ ಫೋಟೋಗಳು ಸ್ಟಿಯರಿಂಗಿನ ಮುಂದೆ. ಡ್ರೈವರನ ಸೀಟನ್ನು ಮಾತ್ರ ಕಾಕಾ ಯಾರಿಗೂ ಮುಟ್ಟಗೊಡಲಿಲ್ಲ. ಪ್ರತಿ ರವಿವಾರ ಅದರಲ್ಲಿ ಕೂತು ಎಂಜಿನ್ ಶುರು ಮಾಡುತ್ತಿದ್ದ. ಭಾಂಡೆಗಳೆಲ್ಲ ಗಡಗಡ ನಡುಗುತ್ತಿದ್ದವು.

"ನೋಡ, ನಮ್ಮ ಮನಿ ಉಸಿರಾಡ್ತದ."

"ಹೌದು, ದಮ್ಮು ಹತ್ತಿದವರ ಗತೆ," ಎನ್ನುತ್ತಿದ್ದಳು ಕಾಕು, ಅವನ ಹೆಂಡತಿ.

ಮಾಲಕ ಎರಡು ಸಲ ಜಾಗ ಬದಲಿಸಲು ಹೇಳಿದ, ಎರಡು ಸಲವೂ ಮನೆ ಹೊರಟಿತು. ಎರಡನೆಯ ಸಲ ನಾನೂ ಕೈಜೋಡಿಸಿದ್ದೆ. ಹೊರಡುವ ಹಿಂದಿನ ದಿನವೇ ಕಾಕು ಉಪ್ಪಿನಕಾಯಿ ಭರಣಿಗಳನ್ನು ಹಲಗೆಯಿಂದ ಇಳಿಸಿ ಗಾದಿಗಳ ನಡುವೆ ಸಿಕ್ಕಿಸುತ್ತಿದ್ದಳು. ಹೊಸ ಜಾಗದಲ್ಲಿ ಹೊಸ ನಲ್ಲಿ, ನೀರಿಗಾಗಿ ಹೊಸಬರ ಮುಂದೆ ಹಲ್ಲು ಕಿರಿಯುವುದು, ಮಗಳಿಗೆ ಹೊಸ ಶಾಲೆ. ಮೂರನೆಯ ಸಲ ಮಾಲಕ ತೋರಿಸಿದ ಜಾಗ ಬಲು ದೂರ, ವಿರಾರಿನಾಚೆ, ಉಪ್ಪಿನ ಗದ್ದೆಗಳ ಕಡೆ. ಮಗಳಿಗೆ ಆಗಷ್ಟೇ ಕನ್ನಡ ಶಾಲೆಯಲ್ಲಿ ಸೀಟು ಸಿಕ್ಕಿತ್ತು.

"ನಾ ಬರಂಗಿಲ್ಲ," ಎಂದಳು ಕಾಕು.

"ಮನೀನೇ ಹೊಂಟಿತಂದ್ರ ನೀ ಎಲ್ಲಿ ಉಳೀತಿ?" ಎಂದು ಕಾಕಾ ನಕ್ಕ. ನನ್ನ ತಂದೆಯೂ ನಕ್ಕ. ಕಾಕು ನಗಲಿಲ್ಲ.

ರವಿವಾರ ಹೊರಡುವುದೆಂದು ನಿಶ್ಚಯವಾಯಿತು. ಶನಿವಾರ ಮಾಟುಂಗದ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪೂಜೆಯ ಪ್ರಸಾದ ಬೇಕೇ ಬೇಕೆಂದು ಗಂಡನನ್ನೂ ಮಗಳನ್ನೂ ಎಳೆದುಕೊಂಡು ಬಂದವಳು ಕಾಕು; ಮುಂಜಾನೆ ಹೋದರಾಯಿತೆಂದು ಅವರನ್ನು ನಮ್ಮಲ್ಲೇ ಉಳಿಸಿಕೊಂಡವಳೂ ಅವಳೇ. ಮರುದಿನ ಸಾಮಾನು ಕಟ್ಟಲೆಂದು ನಾನೂ ಅವರೊಂದಿಗೆ ಲೋಕಲ್ ರೈಲು ಹತ್ತಿದೆ. ಹೋಗಿ ನೋಡಿದರೆ ಬಸ್ಸಿಗೆ ಒಂದೂ ಗಾಲಿ ಇಲ್ಲ.

ಒಪ್ಪೋಣ, ಕಳ್ಳರೇ ಬಂದರೆನ್ನಿ. ಆದರೆ ಬಸ್ಸು ನೆಲಕ್ಕೆ ಕುಸಿದಿರಲಿಲ್ಲ. ನಾಲ್ಕೂ ಕಡೆ ಇಟ್ಟಿಗೆಯ ಕಂಬ, ಕಂಬದ ಮೇಲೆ ಹಲಗೆ, ಅದರ ಮೇಲೆ ಬಸ್ಸು, ಮಟ್ಟ ಹಿಡಿದು ಕೂರಿಸಿದ ಹಾಗೆ. ಬ್ಯಾಟರಿ ಇದ್ದಲ್ಲೇ ಇತ್ತು. ಗಾಲಿ ಬೇಕಾದ ಕಳ್ಳನಿಗೆ ಬ್ಯಾಟರಿ ಬೇಡವಾಯಿತೆ? ಒಳಗೆ ಹೋದೆ. ಹಂಡೆಯ ನೀರು ತುಳುಕಿರಲಿಲ್ಲ. ಭರಣಿಗಳು ಹಲಗೆಯ ಮೇಲೆಯೇ ಸಾಲಾಗಿ ನಿಂತಿದ್ದವು. ಅಂದು ಹೊರಡಬೇಕಾದ ಮನೆ ಅದು, ನೆನಪಿರಲಿ.

ಕಾಕಾ ಬಸ್ಸಿನ ಸುತ್ತ ಒಂದು ಸುತ್ತು ಹಾಕಿದ, ಬಗ್ಗಿ ಅಡಿಗೆ ನೋಡಿದ. ಕೂಗಾಡಲಿಲ್ಲ, ಪೊಲೀಸ್ ಎನ್ನಲಿಲ್ಲ.

"ಚಹಾ ಇಡು," ಎಂದ.

ಮಾಲಕ ಬಂದು ಬೈದ, ಕ್ರೇನ್ ತರಿಸುವುದಾಗಿ ಹೆದರಿಸಿದ. ಕ್ರೇನ್ ಬರಲಿಲ್ಲ. ಕೆಲವು ದಿನಗಳ ನಂತರ, ಹೇಗೂ ಗೋದಾಮಿಗೆ ರಾತ್ರಿ ಕಾಯಲು ಒಬ್ಬ ಬೇಕಿತ್ತೆಂದು ಲೆಕ್ಕ ಹಾಕಿ "ಅಬ್ ಪಡಾ ರಹನೇ ದೋ", ಬಿದ್ದಿರಲಿ ಬಿಡು, ಎಂದು ಕೈಬಿಟ್ಟ. ಮಗಳು ಅದೇ ಶಾಲೆಯಲ್ಲಿ ಉಳಿದಳು.

ನನಗೆ ಇನ್ನೊಬ್ಬರ ಮೇಲೆ ಅನುಮಾನವಿತ್ತು. ಹೈವೇ ಬದಿಯಲ್ಲಿ ಟಾಯರ್ ಅಂಗಡಿ ಇಟ್ಟುಕೊಂಡಿದ್ದ ವಿಜಯಪುರದ ಚಾಚಾ. ಕಾಕುವಿನ ತವರೂ ಆ ಸೀಮೆಯದೇ. ಅವಳನ್ನು ಅಕ್ಕಾ ಎಂದು ಕರೆದು, ಊರಿಂದ ಬಂದಾಗಲೆಲ್ಲ ಜೋಳದ ಹಿಟ್ಟು ತಂದುಕೊಡುತ್ತಿದ್ದ. ಕೇಳಿಯೇಬಿಟ್ಟೆ.

"ಚಾಚಾ, ಕಳ್ಳರು ಇಟ್ಟಿಗಿ ಕಂಬ ಕಟ್ಟಿ ಹೋಗ್ತಾರೇನ್ರಿ?"

"ಅಚ್ಛೇ ಖಾನದಾನ್ ಕೇ ಚೋರಾಂ ಹೋಂಗೇ, ಬೇಟಿ," ಎಂದು ಟ್ಯೂಬಿಗೆ ಗಾಳಿ ಹೊಡೆಯುತ್ತಲೇ ಹೇಳಿದ. "ಚಲೋ ಮನೆತನದ ಕಳ್ಳರಿರ್ಬೇಕು. ನನಗ್ಯಾಕ ಕೇಳ್ತಿ? ನಾ ಏನ್ ಪೊಲೀಸೇನು?"

ಇದು ಉತ್ತರವಲ್ಲ. ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಾಗಿದ್ದರೆ ಅಂಕ ಕಳೆಯುತ್ತಿದ್ದರು. ಆದರೆ ಇಂಥ ಮಾತಿಗೆ ಅಲ್ಲೂ ಜನ ನಗುತ್ತಿದ್ದರು, ಅದು ಬೇರೆ ಮಾತು.

ಹೀಗೆ ಕಳ್ಳರು ನನ್ನ ಲೆಕ್ಕದಿಂದ ಬಿದ್ದುಹೋದರು. ಆಮೇಲೆ ನನ್ನನ್ನು ಕಾಡತೊಡಗಿದ್ದು ಕಾಕಾನ ಆ ಚಹಾ. ಕಾಕು ಅವನಿಗೆ ತಿಳಿಯದಂತೆ ಗಾಲಿ ಬಿಚ್ಚಿಸಿದ್ದರೆ, ಇಷ್ಟು ವರ್ಷ ಪಂಕ್ತಿಯಲ್ಲಿ ಕಳ್ಳರ ಕಥೆಯನ್ನು ರಸವಾಗಿ ಹೇಳುತ್ತಿರುವ ಕಾಕಾ ಶುದ್ಧ ಪೆದ್ದ. ಅವನಿಗೆ ಗೊತ್ತಿದ್ದರೆ ಪೆದ್ದರು ನಾವೆಲ್ಲ. ಎರಡರಲ್ಲಿ ಒಂದು ಆಗಲೇಬೇಕು.

ಕಳೆದ ತಿಂಗಳು ಕಾಕಾನ ಮನೆಗೆ ಹೋಗಿದ್ದೆ. ಕಾಕು ಭಕ್ಕರಿ ಬಡಿಯುತ್ತಿದ್ದಳು. ಕಾಕಾ ತರಕಾರಿಗೆಂದು ಸ್ಟೇಷನ್ ಕಡೆ ಹೋಗಿದ್ದ. ನಾನು ಕಳ್ಳರು ಬಿಟ್ಟುಹೋದ ಬ್ಯಾಟರಿಯಿಂದ ವಾದ ಶುರು ಮಾಡಿದೆ.

"ನಿನ್ನ ಡಿಬೇಟು ಕಾಲೇಜಿನಾಗ ಇಟ್ಕೊ ನಮ್ಮವ್ವಾ," ಎಂದಳು. "ಬಿಸಿ ಭಕ್ಕರಿ ತಿನ್ನು."

ತಿಂದೆ. ಅವಳು ಮುಂದಿನ ಉಂಡೆಗೆ ಹಿಟ್ಟು ಹಚ್ಚಿದಳು. ಗಾಲಿ ಬಿಚ್ಚಿಸಿದ್ದು ನೀನೋ ಅಲ್ಲವೋ ಎಂದು ಕೇಳಿದರೆ ಅಲ್ಲ ಎಂದುಬಿಡುತ್ತಾಳೆಂದು ನನಗೆ ಗೊತ್ತಿತ್ತು. ಹಾಗಾಗಿ ಅದನ್ನು ಕೇಳದೆ, ಯಾವ ಉತ್ತರ ಕೊಟ್ಟರೂ ಬಿಚ್ಚಿಸಿದ್ದನ್ನು ಒಪ್ಪಿಕೊಂಡಂತಾಗುವ ಪ್ರಶ್ನೆ ಹಾಕಿದೆ.

"ಕಾಕು, ಗಾಲಿ ಬಿಚ್ಚಿಸೋದು ನಿನಗೊಬ್ಬಾಕಿಗೇ ಗೊತ್ತಿತ್ತೋ, ಕಾಕಾಗೂ ಗೊತ್ತಿತ್ತೋ?"