ಇಂದ್ರಮ್ಮನವರ ಐರಿಸ್ ಮಡಿ

ಮದ್ದೂರಿನ ನಮ್ಮ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಸಸ್ಯಶಾಸ್ತ್ರ ಬೋಧಿಸಿ, ಈ ನವೆಂಬರ್ ಕೊನೆಗೆ ನಿವೃತ್ತರಾಗುತ್ತಿರುವ ಇಂದ್ರಮ್ಮನವರು ಈ ತಾಲ್ಲೂಕಿನ ಎರಡು ತಲೆಮಾರಿನ ಹೆಣ್ಣುಮಕ್ಕಳಿಗೆ ಗಿಡಗಳನ್ನು ನೋಡುವ ಕಣ್ಣು ಕೊಟ್ಟವರು. ಭತ್ತ, ಕಬ್ಬಿನ ಈ ಸೀಮೆಯಲ್ಲಿ ನೀರು ಹಾಯಿಸುವುದು ಎಲ್ಲರಿಗೂ ಗೊತ್ತು. ನೀರನ್ನು ದೂರವಿಡುವುದು ಹೇಗೆಂದು ನನಗೆ ತಿಳಿಸಿದವರು ಅವರೊಬ್ಬರೇ.

2006ರಲ್ಲಿ, ಊಟಿಗೆ ಮದುವೆಯಾಗಿ ಹೋಗಿದ್ದ ಅವರ ತಂಗಿ ವನಜಾ ತೀರಿಕೊಂಡರು. ತಂಗಿಯ ಅಂಗಳದಿಂದ ಐರಿಸ್ ಹೂಗಿಡದ ಹನ್ನೆರಡು ಗೆಡ್ಡೆಗಳನ್ನು ತಂದ ಇಂದ್ರಮ್ಮನವರು ಆ ಮನೆಯಿಂದ ಬೇರೇನನ್ನೂ ತರಲಿಲ್ಲ. ಕಾಲೇಜಿನ ಹಿಂದೆ ಗೇಣೆತ್ತರದ ಮಡಿ ಮಾಡಿ, ದಪ್ಪ ಮರಳು, ಇಟ್ಟಿಗೆ ಚೂರು ಬೆರೆಸಿ, ಗೆಡ್ಡೆಗಳ ಬೆನ್ನು ಮಣ್ಣಿನ ಮೇಲೆ ಕಾಣುವಂತೆ ನೆಟ್ಟರು.

ಮರುವರ್ಷ ನಾನು ಅಧ್ಯಾಪಕಿಯಾಗಿ ಸೇರಿದೆ. ಸೆಪ್ಟೆಂಬರಿನಲ್ಲಿ ಅವರು ಮೂರು ವಾರದ ತರಬೇತಿಗೆ ಬೆಂಗಳೂರಿಗೆ ಹೊರಟಾಗ ಮಡಿಯನ್ನು ನನಗೆ ಒಪ್ಪಿಸಿದರು. ತೋಟದ ಮಾಲಿ ಚಿಕ್ಕಬೋರಯ್ಯ ಅದನ್ನು ನೋಡಿ ನಕ್ಕ.

"ಅರಿಸ್ನದ್ ಗೆಡ್ಡೆನ ಇಂಗ್ ಬೆತ್ಲೆ ಮಡಗ್ತಾರೇನವ್ವಾ? ಓದ್ದೋರ ಯೇಸಾಯ ನೋಡು!"

ನನಗೂ ಹಾಗೆಯೇ ಅನ್ನಿಸಿತು. ನಮ್ಮ ಮನೆಯಲ್ಲಿ ಅರಿಸಿನ, ಶುಂಠಿ ನೆಡುವಂತೆ ಮಣ್ಣು ಮುಚ್ಚಿ, ಮೇಲೆ ಕೊಟ್ಟಿಗೆ ಗೊಬ್ಬರ ಹರಡಿದೆ. ನಾಲೆ ನೀರಿನ ಸರದಿ ಬಂದ ದಿನ ಚಿಕ್ಕಬೋರಯ್ಯ, "ಬುಡ್ಲೇನವ್ವಾ?" ಎಂದ. "ಬಿಡಿ" ಎಂದೆ.

ಇಂದ್ರಮ್ಮನವರು ಮರಳಿದ ದಿನ ಮಡಿಯಿಂದ ಕೆಟ್ಟ ವಾಸನೆ ಬರುತ್ತಿತ್ತು. ಅವರು ಕೂತು ಒಂದೊಂದೇ ಗೆಡ್ಡೆಯನ್ನು ಒತ್ತಿ ನೋಡಿದರು. ಹತ್ತು ಗೆಡ್ಡೆಗಳು ಬೆರಳಿಗೆ ಅಂಬಲಿಯಂತೆ ಅಂಟಿದವು.

"ಇದರ ಬೆನ್ನಿಗೆ ಬಿಸಿಲು ಬೇಕು ಕಣಮ್ಮ ನಯನ," ಎಂದರು. ಅಷ್ಟೇ.

ಅಂದೇ ಉಳಿದೆರಡರ ಕೊಳೆತ ಭಾಗವನ್ನು ಬಿಳಿ, ಗಟ್ಟಿ ತಿರುಳು ಕಾಣುವವರೆಗೆ ಕೊಯ್ದು, ಪ್ರತಿ ಸಲವೂ ಚಾಕುವನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಗಾಯಕ್ಕೆ ಬೂದಿ ಹಚ್ಚಿ ಒಣಗಲಿಟ್ಟರು. ಏನಾಯಿತೆಂದು ಪ್ರಾಂಶುಪಾಲರು ಕೇಳಿದಾಗ, "ಮಳೆ ಜಾಸ್ತಿ ಆಯ್ತು ಸಾರ್" ಎಂದರು. ನನ್ನ ಹೆಸರನ್ನು ಅಂದೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಹೊಸಬಳಾದ ನನ್ನ ಮಾನವನ್ನು ಅವರು ಕಾದ ಬಗೆ ಅದು.

ಆದರೆ ಅಂದಿನಿಂದ ಆ ಮಡಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಇಂದ್ರಮ್ಮನವರು ರಜೆಯಲ್ಲೂ ತಮ್ಮ ಮನೆಯಿರುವ ನಿಡಘಟ್ಟದಿಂದ ಬಸ್ಸಿನಲ್ಲಿ ಬಂದು, ಒಣಗಿದ ಎಲೆ ತೆಗೆದು, ನಿಂತ ನೀರಿಗೆ ದಾರಿ ಮಾಡಿ ಹೋಗುತ್ತಿದ್ದರು. ಎರಡು ಗೆಡ್ಡೆಗಳು ನಲವತ್ತಾದವು. ನಮ್ಮ ಸೆಕೆಗೆ ಹೂ ಬಿಟ್ಟಿದ್ದು ಮೂರೇ ಸಲ. ಆ ದಿನಗಳಲ್ಲಿ ಅವರು ಯಾರನ್ನೂ ಕರೆಯದೆ, ಬುತ್ತಿ ಬಿಚ್ಚಿಕೊಂಡು ಮಡಿಯ ಪಕ್ಕದಲ್ಲಿ ಕೂರುತ್ತಿದ್ದರು. ನಾನು ಪ್ರಯೋಗಾಲಯದ ಕಿಟಕಿಯ ಬಳಿ ನನ್ನ ಬುತ್ತಿ ಬಿಚ್ಚುತ್ತಿದ್ದೆ. ಸಂಜೆ ಒಬ್ಬಳೇ ಬಾಡಿಗೆ ಕೋಣೆಯ ಬೀಗ ತೆಗೆಯುವ ನನಗೆ ಆ ಹತ್ತು ಹೆಜ್ಜೆ ದಾಟಿ ಹೋಗುವ ಧೈರ್ಯ ಹದಿನೆಂಟು ವರ್ಷವೂ ಬರಲಿಲ್ಲ.

ಈ ಅಕ್ಟೋಬರಿನಲ್ಲಿ ಒಂಬತ್ತು ದಿನ ಬಿಡದೆ ಮಳೆ ಸುರಿಯಿತು. ಎಷ್ಟು ಕಾಪಾಡಿದರೂ ಮಡಿಗೆ ಕೊಳೆರೋಗ ತಗುಲಿತು. ಮಳೆ ನಿಂತ ಮಧ್ಯಾಹ್ನ, ಬಗ್ಗಲಾರದ ಮಂಡಿಯನ್ನು ಹಿಡಿದು ನಿಂತಿದ್ದ ಇಂದ್ರಮ್ಮನವರು ನನ್ನ ಕಿಟಕಿಯತ್ತ ತಿರುಗಿದರು.

"ನಯನಾ, ಬಾರಮ್ಮ ಇಲ್ಲಿ. ನನ್ ಕೈಲೂ ಕೊಳ್ತೋಯ್ತು ಕಣೆ."

"ಕರುದ್ಬುಟ್ರಲ್ಲಪ್ಪಾ!" ಎಂದ, ಈಗ ತಲೆ ನರೆತ ಚಿಕ್ಕಬೋರಯ್ಯ. "ನಾನ್ ಕಣ್ ಮುಚ್ಚೋಗಂಟ ಕರೆಯಾಕಿಲ್ಲ ಅಂದ್ಕಂಡಿದ್ದೆ."

"ನೀನು ಸುಮ್ನಿರಯ್ಯ. ನಿನ್ ಮಾತು ಕೇಳೇ ಅವತ್ತು ಹಂಗಾಗಿದ್ದು!" ಎಂದರು ಇಂದ್ರಮ್ಮನವರು.

ಮಣ್ಣು ಮುಚ್ಚಿ ನೀರು ಬಿಟ್ಟ ಆ ಕಥೆ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

ಸಂಜೆಯವರೆಗೆ ನಾನು ಕೊಯ್ದೆ, ಅವರು ಬೂದಿ ಹಚ್ಚಿದರು. ಹತ್ತೊಂಬತ್ತು ಗೆಡ್ಡೆಗಳು ಉಳಿದವು. ನಡುವೆ ಒಮ್ಮೆ ನನ್ನ ಮುಖವನ್ನೇ ನೋಡಿ, "ವನಜಾನೂ ಹಿಂಗೇ, ಕೆಲಸ ಮಾಡ್ವಾಗ ನಾಲಗೆ ಕಚ್ಕೊತಿದ್ಲು" ಎಂದರು. ಅವರ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ಇಂದ್ರಮ್ಮನವರ ಮಂಡಿ ನೋವು ಕಳೆಯಲಿ, ಆಯುಷ್ಯ ಬೆಳೆಯಲಿ. ಮುಂದಿನ ಮಳೆಗಾಲದೊಳಗೆ ಮಡಿಯನ್ನು ಇನ್ನೊಂದು ಗೇಣು ಎತ್ತರಿಸಬೇಕಿದೆ. ಅದು ಒಬ್ಬರ ಕೈಲಾಗುವ ಕೆಲಸವಲ್ಲ. ನಿವೃತ್ತಿಯ ಮರುದಿನವೇ ಅವರು ಬರಬೇಕೆಂದು ಪತ್ರಿಕೆಯ ಈ ಪುಟದ ಮೂಲಕ ಕೋರುತ್ತೇನೆ. ಮರಳು ತರಿಸಿಟ್ಟಿದ್ದೇನೆ.